ಹುಳುಮನೆಯಲ್ಲಿ ಇಟ್ಟ ಕಂಪ್ಯೂಟರ್

ಕೋಲಾರದಲ್ಲಿ ನಾನು ಪಾಠ ಮಾಡುವ ಶಾಲೆಗೆ ದಸರಾ ರಜೆಯಲ್ಲಿ ಸುಣ್ಣ ಹೊಡೆಸುತ್ತಾರೆ. ಹೊಡೆಯುವವರು ಹೊಡೆದು ಹೋಗುತ್ತಾರೆ. ಲ್ಯಾಬಿನ ಯಂತ್ರಗಳ ಮೇಲೆ ಕೂತ ಬಿಳಿ ಪುಡಿಯನ್ನು ತೆಗೆಯುವ ಭಾಗ್ಯ ಮಾತ್ರ ಕಂಪ್ಯೂಟರ್ ಮೇಡಂ ಆದ ನನ್ನದು. ಈ ಸಲವೂ ಮೂಗಿಗೆ ವೇಲು ಸುತ್ತಿಕೊಂಡು ಒಂದು ಸಿಪಿಯುವಿನ ಪಕ್ಕದ ತಗಡು ಬಿಚ್ಚಿದೆ. ಫ್ಯಾನಿನ ಮೇಲೆ ಕೂತ ಸುಣ್ಣದ ವಾಸನೆ ಮುಖಕ್ಕೆ ಬಡಿಯಿತು. ಒರೆಸುವ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸುಗಟೂರಿನ ನಮ್ಮ ಮನೆ, ಆ ವರ್ಷದ ಭಾದ್ರಪದದ ಬಿಸಿಲು, ಅಪ್ಪನ ಹುಳುಮನೆ ಎಲ್ಲ ಒಟ್ಟಿಗೆ ನೆನಪಾದವು. ಅಪ್ಪ ಈಗ ಮಂಡಿನೋವಿನಿಂದ ರೇಷ್ಮೆ ಹುಳು ಸಾಕುವುದನ್ನು ಬಿಟ್ಟಿದ್ದಾನೆ. ಹುಳುಮನೆಯಲ್ಲಿ ಹಸುಗಳ ಬೂಸಾ ಚೀಲ ಪೇರಿಸಿದ್ದಾರೆ. ನನಗೆ ಆ ಕೋಣೆಯ ಮುಂದೆ ಹಾದುಹೋಗಲು ಇವತ್ತಿಗೂ ಸಂಕಟವಾಗುತ್ತದೆ.

ಆ ವರ್ಷ ನಾನು ಬಿ.ಎಸ್ಸಿ ಮುಗಿಸಿ ಬಿ.ಎಡ್ ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಕಾಯುವುದು ಎಂದರೆ ನಮ್ಮಮ್ಮನ ಲೆಕ್ಕದಲ್ಲಿ ತಿಂದುಕೊಂಡು ಬಿದ್ದಿರುವುದು. ಎರಡು ಎಕರೆ ಹಿಪ್ಪುನೇರಳೆ, ಎರಡು ಹಸು, ಒಂದು ಹುಳುಮನೆ, ಇಷ್ಟು ನಮ್ಮ ಸಂಸಾರ. ನಮ್ಮ ಕಡೆ ರೇಷ್ಮೆ ಹುಳುವನ್ನು ಬರೀ ಹುಳು ಎನ್ನುತ್ತೇವೆ. ಬೇರೆ ಯಾವ ಹುಳುವಿಗೂ ಅಷ್ಟು ಮರ್ಯಾದೆ ಇಲ್ಲ. ಪೌಡರ್ ಹಾಕಿಕೊಂಡು ಅದರ ಮನೆಯೊಳಗೆ ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯ ಹೆಸರೆತ್ತುವಂತಿಲ್ಲ. ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಯಾರ ಮಾತನ್ನೂ ಕೇಳದ ಅಪ್ಪ ಹುಳುಗಳನ್ನು ಮಾತ್ರ ತೆಲುಗಿನಲ್ಲಿ ಮುದ್ದಾಗಿ ಮಾತಾಡಿಸುತ್ತಿದ್ದ. ನಮ್ಮ ಮನೆಯಲ್ಲಿ ಬೈಗುಳ ಕನ್ನಡದ್ದು, ಮುದ್ದು ತೆಲುಗಿನದು.

ನನ್ನ ಅಕ್ಕ ಪದ್ಮಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದರು. ಬಾವನ ಮನೆಯವರದು ಮಾವಿನ ತೋಟ, ಪೇಟೆಯಲ್ಲಿ ಒಂದು ಮಂಡಿ. ನಾನು ಹೀಗೆ ಮನೆಯಲ್ಲಿ ಕೂತದ್ದಕ್ಕೂ ಹಿಂದಿನ ವರ್ಷ ಸಂಕ್ರಾಂತಿಗೆ ಅಕ್ಕ ಒಂದು ಗೋಣಿಚೀಲದ ತುಂಬ ಅವರೆಕಾಯಿ ಹೊತ್ತು ತಂದಳು. ಬಂದವಳು ಕಾಫಿ ಕುಡಿದು ಸುಮ್ಮನೆ ಕೂರಬೇಕೋ ಬೇಡವೋ? ಅಪ್ಪ ಒಬ್ಬನೇ ಸೊಪ್ಪು ಕೊಯ್ಯುತ್ತಿರುವುದನ್ನು ನೋಡಿ, ಅವರೆಕಾಯಿಯನ್ನು ಜಗಲಿಯ ಮೇಲೆ ಸುರಿದು, ಅದೇ ಚೀಲ ಹಿಡಿದು ತೋಟಕ್ಕಿಳಿದಳು. ಚೀಲದ ತುಂಬ ಸೊಪ್ಪು ತಂದು ತನ್ನ ಕೈಯಾರೆ ಹುಳುಗಳಿಗೆ ಹಾಕಿದಳು. ಆ ಚೀಲ ಅವರ ತೋಟದಲ್ಲಿ ಮಾವಿನ ಹೂವಿಗೆ ಹೊಡೆಯುವ ಔಷಧಿಯ ಡಬ್ಬಗಳ ಕೆಳಗೆ ಹಾಸಿದ್ದೆಂದು ಅವಳಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹುಳುಗಳು ಹಸಿರು ಕಕ್ಕಿ, ಮೈ ತಿರುಚಿ ಸತ್ತವು. ಇನ್ನು ಐದು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳು.

ಅಪ್ಪ ಹೊಡೆಯಲಿಲ್ಲ, ಕೂಗಾಡಲಿಲ್ಲ. ಅಂಗಳದಲ್ಲಿ ನಿಂತು, "ನಿಮ್ಮನೆ ವಿಷ ತಂದು ನಮ್ಮನೇಲಿ ಸುರಿದ್ಯಲ್ಲ. ಮನೇಲಿ ಹುಳು ಇರೋ ತನಕ ಈ ಕಡೆ ಬರಬೇಡ," ಎಂದ.

ವಿಷ ಎಂದಿದ್ದಕ್ಕಿಂತ 'ನಿಮ್ಮನೆ' ಎಂದಿದ್ದು ಅಕ್ಕನಿಗೆ ತಾಗಿತು. ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು. ನಮ್ಮ ಮನೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಹುಳು ಇರುತ್ತದೆ. ಒಂದು ಬೆಳೆ ತೆಗೆದರೆ ಹತ್ತು ಹದಿನೈದು ದಿನಕ್ಕೆ ಇನ್ನೊಂದು. ಹಾಗಾಗಿ ಅವಳು ಬರಲೇ ಇಲ್ಲ. "ಹುಳು ಇರೋವಾಗ ಬರಬೇಡ ಅಂದೆ, ಬರ್ಲೇಬೇಡ ಅಂದ್ನಾ?" ಎಂದು ಅಪ್ಪ ಅಮ್ಮನ ಮುಂದೆ ಗೊಣಗುತ್ತಿದ್ದ. "ಬರಬೇಡ ಅಂದಿದ್ದು ಅಪ್ಪ. ಬಾ ಅನ್ನೋದೂ ಅಪ್ಪನೇ," ಎಂದು ಅಕ್ಕ ನನ್ನ ಮುಂದೆ ಹೇಳುತ್ತಿದ್ದಳು. ಒಂದೇ ಮಣ್ಣಿನ ಎರಡು ಮಡಕೆಗಳು. ಮಧ್ಯದಲ್ಲಿ ನಾನು. ನನ್ನ ಜೊತೆಗೂ ಅಕ್ಕನ ಫೋನು ಬರಬರುತ್ತಾ ಊಟ ಆಯ್ತಾ, ಆಯ್ತು ಎನ್ನುವಲ್ಲಿಗೆ ಬಂದು ನಿಂತಿತ್ತು.

ಆಟದ ಉಪಾಯ ಅಕ್ಕನದೇ. ಮಾವಿನ ಸುಗ್ಗಿ ಮುಗಿದ ಮೇಲೆ ಮಂಡಿಯ ಕಂಪ್ಯೂಟರನ್ನು ಬಾವ ಮನೆಗೆ ತಂದಿಟ್ಟಿದ್ದ. ನಮ್ಮೂರಿಗೂ ಆಗಷ್ಟೇ ಕೇಬಲ್ ನೆಟ್ ಬಂದಿತ್ತು. "ಲೇ ಶಶಿ, ಫೋನಲ್ಲಿ ಏನ್ ಮಾತಾಡೋದು, ಆಟ ಆಡೋಣ ಬಾರೇ," ಎಂದಳು. ಅದೊಂದು ದ್ವೀಪದ ಆಟ. ಇಬ್ಬಿಬ್ಬರ ಜೋಡಿ. ಮರ ಕಡಿದು ಗೋಡೆ ಕಟ್ಟಬೇಕು, ಬೇರೆ ಜೋಡಿಗಳ ಗುಂಡಿನಿಂದ ತಪ್ಪಿಸಿಕೊಳ್ಳಬೇಕು. ಜೊತೆಗಾರರು ಬಿದ್ದರೆ ಒಂದು ನಿಮಿಷದೊಳಗೆ ಓಡಿ ಹೋಗಿ ಎತ್ತಬೇಕು, ಇಲ್ಲದಿದ್ದರೆ ಅವರ ಕಥೆ ಮುಗಿಯಿತು. ಆಡುತ್ತಲೇ ಹೆಡ್‌ಫೋನಿನಲ್ಲಿ ಮಾತಾಡಬಹುದು. ದಿನಾ ಸಂಜೆ ನಾಲ್ಕಕ್ಕೆ ಕೂರುತ್ತಿದ್ದೆವು. ಬಂದೂಕು ಹಿಡಿದು ಕಾಡಿನಲ್ಲಿ ಅಡಗಿ ಕೂತ ಅಕ್ಕ, ಅತ್ತೆಯ ಮನೆಯ ಸಣ್ಣಪುಟ್ಟ ಬೇಸರಗಳನ್ನು ಆಗ ಮಾತ್ರ ಹೇಳುತ್ತಿದ್ದಳು.

ಆದರೆ ನನ್ನ ಕಂಪ್ಯೂಟರ್ ಮುದಿಯಾಗಿತ್ತು. ಅಕ್ಕ ಗುಂಡು ತಗುಲಿ ಬಿದ್ದು, "ಎತ್ತೇ ಶಶಿ, ಎತ್ತೇ," ಎನ್ನುವ ಹೊತ್ತಿಗೆ ಸರಿಯಾಗಿ ನನ್ನ ಪರದೆ ನಿಂತುಹೋಗುತ್ತಿತ್ತು. ಮಾತು ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಮತ್ತೆ ಚಿತ್ರ ಅಲುಗಾಡುವಷ್ಟರಲ್ಲಿ ಅಕ್ಕ ಇಲ್ಲ. ಒಂದು ದಿನ ಅವಳು, "ಬಿಡು ಶಶಿ, ಯಾಕೋ ಆಗ್ತಿಲ್ಲ," ಎಂದಳು. ಅವಳಿಗೂ ನಮ್ಮ ಮನೆಗೂ ಉಳಿದಿದ್ದ ದಾರವೆಂದರೆ ಆ ಒಂದು ಗಂಟೆ. ಅದೂ ಹೋದರೆ ಹಬ್ಬಕ್ಕೊಂದು ಮೆಸೇಜು ಕಳಿಸುವ ನೆಂಟರಾಗಿಬಿಡುತ್ತೇವೆ ಎಂದು ಹೆದರಿದೆ.

ಅಂದಿನಿಂದ ನನಗೆ ಅದೇ ಹುಚ್ಚು. ತೆರೆಯುತ್ತಲೇ ತಾವಾಗಿ ಎದ್ದು ಕೂರುವ ಬೇಡದ ಪ್ರೋಗ್ರಾಮುಗಳನ್ನೆಲ್ಲ ಹುಡುಕಿ ಮಲಗಿಸಿದೆ. ವೈಫೈ ನಂಬದೆ ಕಿಟಕಿಯಿಂದ ವೈರು ಎಳೆದು ನೇರ ಸಿಕ್ಕಿಸಿದೆ. ಆಟದ ಸೆಟ್ಟಿಂಗಿಗೆ ಹೋಗಿ ನೆರಳು ತೆಗೆದೆ, ಹುಲ್ಲು ತೆಗೆದೆ, ನೀರಿನ ಹೊಳಪು ತೆಗೆದೆ. ಕೊನೆಗೆ ಆ ದ್ವೀಪ ಬೇಸಿಗೆಯಲ್ಲಿ ನಮ್ಮ ಕೆರೆಯಂಗಳ ಇದ್ದಂತಾಯಿತು. ಸಿಪಿಯುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೋಲಾರದ ಬಸ್ಸಿಗೆ ಹತ್ತಿದೆ. ಕೋಳಿಗೂ ಟಿಕೆಟ್ ಹರಿಯುವ ಕಂಡಕ್ಟರ್ ಇದಕ್ಕೇನು ಹರಿಯುವುದೆಂದು ತಿಳಿಯದೆ ಮುಂದೆ ಹೋದ. ರಿಪೇರಿ ಅಂಗಡಿಯ ಅಫ್ರೋಜ್, ಇದ್ದ ರ‍್ಯಾಮಿನ ಪಕ್ಕ ಇನ್ನೊಂದು ರ‍್ಯಾಮ್ ಕೂರಿಸಿ, ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿಕೊಟ್ಟ. ಮೊದಲು ಹಾಲು ಕರೆದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಕಂಪ್ಯೂಟರ್ ಈಗ ಕೂತು ಚಪ್ಪಲಿ ಬಿಡುವುದರೊಳಗೆ ತೆರೆಯಿತು. ಆಟ ಮಾತ್ರ ಇಪ್ಪತ್ತು ನಿಮಿಷ ಚೆನ್ನಾಗಿ ನಡೆದು ಮತ್ತೆ ತೊದಲತೊಡಗಿತು.

ಅಫ್ರೋಜ್‌ಗೆ ಫೋನ್ ಮಾಡಿದೆ. "ಎಲ್ಲಿ ಇಟ್ಟಿದ್ದೀರಾ ಸಿಸ್ಟರ್?" ಎಂದ.

"ಮಹಡಿ ಮೇಲೆ, ಶೀಟಿನ ರೂಮಲ್ಲಿ."

"ಅದಕ್ಕೇ ಮತ್ತೆ. ಬಿಸಿ ಜಾಸ್ತಿ ಆದ್ರೆ ಅದು ತನ್ನ ಸ್ಪೀಡು ತಾನೇ ಇಳಿಸ್ಕೊಳ್ತದೆ. ಮನೇಲಿ ತಂಪು ಜಾಗ ಎಲ್ಲಿದೆಯೋ ಅಲ್ಲಿಡಿ."

ನಮ್ಮ ಮನೆಯಲ್ಲಿ ತಂಪು ಜಾಗ ಒಂದೇ, ಅದೂ ನಮಗಲ್ಲ. ದಪ್ಪ ಮಣ್ಣಿನ ಗೋಡೆ, ಹೆಂಚಿನ ಮೇಲೆ ತೆಂಗಿನ ಗರಿ, ಕಿಟಕಿಗಳಿಗೆ ಒದ್ದೆ ಗೋಣಿ, ಗೋಡೆಗೆ ತೂಗುಹಾಕಿದ ಥರ್ಮಾಮೀಟರು. ಹೊರಗೆ ಭಾದ್ರಪದದ ಬಿಸಿಲಿಗೆ ನಾವು ಬೇಯುತ್ತಿದ್ದರೆ ಹುಳುಗಳು ಹೋಟೆಲಿನ ಎ.ಸಿ. ರೂಮಿನಲ್ಲಿದ್ದಂತೆ ಇರುತ್ತಿದ್ದವು. ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ.

"ಅದು ಹೊಗೆ ಬಿಡುತ್ತಾ?" ಎಂದ ಅಪ್ಪ.

"ಇಲ್ಲ."

"ವಾಸನೆ?"

"ಇಲ್ಲ. ನಾಲ್ಕು ಗಂಟೆ ಸೊಪ್ಪು ಇನ್ಮೇಲೆ ನಾನೇ ಹಾಕ್ತೀನಿ."

ಆ ಮಾತಿಗೆ ಅಪ್ಪ ಒಪ್ಪಿದ. ಹೊರಗೆ ಹೋಗುವಾಗ ತಿರುಗಿ, "ಯಾರ ಜೊತೆ ಆಡೋದು?" ಎಂದು ಕೇಳಿದ. "ಫ್ರೆಂಡು," ಎಂದೆ. ಬಾಗಿಲ ಪಕ್ಕದ ಹಳೆಯ ಬೆಂಚಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ತೇವದ ವಿಷಯ ನಾನು ಅಫ್ರೋಜ್‌ಗೆ ಹೇಳಲಿಲ್ಲ, ಅಕ್ಕನ ವಿಷಯ ಅಪ್ಪನಿಗೆ ಹೇಳಲಿಲ್ಲ.

ಹುಳು ಆಗಷ್ಟೇ ಎರಡನೇ ಜ್ವರ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಒಂದು ದಿನ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವುದು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಹೀಗೆ ಕೂರುತ್ತವೆ. ನಾನು ಸೊಪ್ಪು ಹಾಕಿ, ಕೈ ಒರೆಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಮೂರು ದಿನ ಆಟ ಎಲ್ಲೂ ನಿಲ್ಲಲಿಲ್ಲ. ಅಕ್ಕನನ್ನು ಏಳು ಸಲ ಎತ್ತಿದೆ. ನಾವಿಬ್ಬರೂ ಒಂದು ಸಲ ಕೊನೆಯ ಮೂರು ಜೋಡಿಗಳವರೆಗೂ ಉಳಿದೆವು. ಅಷ್ಟು ನಗುವ ಅಕ್ಕನನ್ನು ಕೇಳಿ ವರ್ಷದ ಮೇಲಾಗಿತ್ತು.

ನಾಲ್ಕನೆಯ ದಿನ ಹುಳು ಮೂರನೇ ಜ್ವರಕ್ಕೆ ಕೂತವು. ಆಗ ಹುಳು ಮಲಗಿದ ಸೊಪ್ಪಿನ ಹಾಸಿಗೆ ಒಣಗಿರಲಿ ಎಂದು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ಹುಳುಗಳ ಮೇಲೆ ಉದುರಿಸುವುದು ಪದ್ಧತಿ. ಅಪ್ಪ ಉದುರಿಸಿದ. ಮೂಲೆಯಲ್ಲಿದ್ದ ಕಂಪ್ಯೂಟರಿನ ಮೇಲೆ ಒಂದು ಬಟ್ಟೆ ಹೊದಿಸಬೇಕೆಂದು ಅಪ್ಪನಿಗೆ ಹೊಳೆಯಲಿಲ್ಲ. ಡಿಗ್ರಿ ಓದಿದ ನನಗೂ ಹೊಳೆಯಲಿಲ್ಲ. ಸಂಜೆ ಆನ್ ಮಾಡಿದರೆ ಫ್ಯಾನು ಕಲ್ಲು ಅಗಿದಂತೆ ಕರಕರ ಎಂದು, ಹತ್ತು ನಿಮಿಷಕ್ಕೆ ಉಸಿರು ನಿಲ್ಲಿಸಿತು. ತಗಡು ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿ. ಪೊರಕೆ ಕಡ್ಡಿಯಿಂದ ಕೆದಕುತ್ತಾ ಅಳುವ ಹಾಗಾಗಿದ್ದೆ.

ಅಪ್ಪ ಬಂದು ನೋಡಿದ. ಒಳಗೆ ಹೋಗಿ ಒಂದು ಕೋಳಿಪುಕ್ಕ ತಂದ. ಮೊಟ್ಟೆಯೊಡೆದು ಬಂದ ಇರುವೆಯಷ್ಟು ಹುಳುಗಳಿಗೆ ಕೈ ತಾಗಿಸಬಾರದೆಂದು ಇಂಥ ಪುಕ್ಕದಿಂದಲೇ ಅವನ್ನು ಸವರಿ ಹಾಸಿಗೆಗೆ ಇಳಿಸುತ್ತಾರೆ. "ಕಡ್ಡೀಲಿ ತಿವಿದ್ರೆ ಅದಕ್ಕೆ ನೋಯಲ್ವೇನೇ? ಹಿಂಗೆ," ಎಂದು ಅಪ್ಪ ನೆಲದ ಮೇಲೆ ಕೂತ. ಫ್ಯಾನಿನ ಒಂದೊಂದು ಎಸಳನ್ನೂ, ರ‍್ಯಾಮಿನ ಸಂದುಗಳನ್ನೂ ಪುಕ್ಕದಿಂದ ಸವರಿ ಸವರಿ ಪುಡಿ ಇಳಿಸಿದ. ಆಟ ಆಡುವ ಕಂಪ್ಯೂಟರಿಗೆ ಅಷ್ಟು ಮೆತ್ತಗೆ ಕೈಮಾಡಿದವರನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಅದು ಮತ್ತೆ ಸದ್ದಿಲ್ಲದೆ ತಿರುಗಿತು. ಮರುದಿನ ಅಮ್ಮನ ಹಳೆಯ ವಾಯಿಲ್ ಸೀರೆ ಹರಿದು ಅದಕ್ಕೊಂದು ಹೊದಿಕೆಯೂ ಆಯಿತು.

ಇಷ್ಟಾದ ಮೇಲೆ ನನ್ನ ದುರಾಸೆ ಬೆಳೆಯಿತು. ಹುಳು ನಾಲ್ಕನೇ ಜ್ವರವೂ ಎದ್ದು, ಹಗಲೂ ರಾತ್ರಿ ಸೊಪ್ಪು ಮುಕ್ಕುವ ಕಾಲ. ಸಾವಿರಾರು ಹುಳುಗಳು ಒಟ್ಟಿಗೆ ಎಲೆ ಕೊರೆಯುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಹಳೆಯ ಪೇಪರು ಮಡಚುತ್ತಾ ಕೂತ ಹಾಗೆ ಕೇಳಿಸುತ್ತದೆ. ನನ್ನ ಮೈಕಿನಲ್ಲಿ ಅದೆಲ್ಲ ಹೋಗುತ್ತಿರುತ್ತದೆ, ಅಕ್ಕನಿಗೆ ಕಿರಿಕಿರಿಯಾಗುತ್ತದೆ ಎಂದುಕೊಂಡು, ಆಟದ ಸೆಟ್ಟಿಂಗಿನಲ್ಲಿ ಹಿನ್ನೆಲೆಯ ಗದ್ದಲ ತೆಗೆಯುವ ಗುಂಡಿ ಹುಡುಕಿ ಒತ್ತಿದೆ. ಅವಳು ಕೇಳಿ ಖುಷಿಪಡಲಿ ಎಂದು ಕಾದೆ.

ಐದು ನಿಮಿಷ ಬಿಟ್ಟು ಅಕ್ಕ, "ಶಶಿ, ಹುಳು ಎಲ್ಲಿ?" ಎಂದಳು.

"ಎಲ್ಲಿ ಅಂದ್ರೆ? ಇಲ್ಲೇ ಇವೆ. ಆ ಗಲಾಟೆ ತೆಗೆದೆ ಕಣೇ, ಈಗ ನನ್ನ ಮಾತು ಚೆನ್ನಾಗಿ ಕೇಳ್ತಿಲ್ವಾ?"

"ನಿನ್ನ ಮಾತು ಯಾರಿಗೆ ಬೇಕು," ಎಂದಳು. ನಕ್ಕಳು ಎಂದುಕೊಂಡೆ. ನಗುತ್ತಿರಲಿಲ್ಲ. "ಹಾಕೇ ಅದನ್ನ. ನಾನು ಬರೋದೇ ಅದಕ್ಕೆ. ಈ ಆಟ ಹಾಳಾಗ್ಲಿ, ನಂಗೆ ಬಂದೂಕು ಹಿಡ್ಕೊಂಡು ಏನಾಗ್ಬೇಕು? ಆವತ್ತು ನೀನು ಕಂಪ್ಯೂಟರ್ ಎತ್ಕೊಂಡೋಗಿ ಅಲ್ಲಿಟ್ಟ ದಿನವೇ ಗೊತ್ತಾಯ್ತು. ಮೂರನೇ ಜ್ವರಕ್ಕೆ ಕೂತಿದ್ದು ಗೊತ್ತಾಯ್ತು, ನಾಲ್ಕನೇದು ಎದ್ದಿದ್ದೂ ಗೊತ್ತಾಯ್ತು. ನಾನು ಹದಿನೈದು ವರ್ಷ ಆ ಮನೇಲಿ ಸೊಪ್ಪು ಹಾಕಿದೋಳು ಕಣೇ."

ಎರಡು ತಿಂಗಳಿಂದ ನಾನು ಏನೇನೋ ಕಿತ್ತು, ಏನೇನೋ ಸೇರಿಸಿ ಸರಿಮಾಡಿದ್ದೆ. ಅವಳಿಗೆ ಬೇಕಾಗಿದ್ದುದನ್ನೇ ಗದ್ದಲವೆಂದು ತೆಗೆದಿದ್ದೆ. ನಾಚಿಕೆಯಾಯಿತು. ಗುಂಡಿ ಮತ್ತೆ ಒತ್ತಿದೆ. ಆ ಕಡೆಯಿಂದ ಅವಳ ಉಸಿರು ಕೇಳಿಸಿತು. ಆವತ್ತು ನಾವು ಆಡಲಿಲ್ಲ. ಒಂದು ಮರದ ಹಿಂದೆ ಇಬ್ಬರೂ ಕೂತಿದ್ದೆವು, ಹುಳು ತಿನ್ನುತ್ತಿದ್ದವು.

ಎರಡು ದಿನ ಕಳೆದು ಅವಳೇ ಹೇಳಿದಳು. "ಸದ್ದು ಬೇಗ ನಿಂತುಹೋಗ್ತಿದೆ ಶಶಿ. ನೀನು ಸೊಪ್ಪು ಹಾಕಿ ಅರ್ಧ ಗಂಟೆ ಆಗಿಲ್ಲ. ಈ ವಯಸ್ಸಲ್ಲಿ ಇಷ್ಟು ಬೇಗ ನಿಂತ್ರೆ ಹೊಟ್ಟೆ ತುಂಬಿಲ್ಲ ಅಂತ. ಅಪ್ಪಂಗೆ ಹೇಳು. ನಾನು ಹೇಳ್ದೆ ಅಂತ ಹೇಳಬೇಡ."

ಸಂಜೆ ಅಪ್ಪನಿಗೆ ನನ್ನದೇ ಬುದ್ಧಿ ಎನ್ನುವಂತೆ ಹೇಳಿದೆ. ಅಪ್ಪ ಹಾಸಿಗೆಯ ಮೇಲೆ ಕೈಯಾಡಿಸಿ ನೋಡಿದ. ಬರೀ ಕಡ್ಡಿ ಉಳಿದಿತ್ತು. ಆಮೇಲೆ ನನ್ನ ಮುಖ ನೋಡಿದ. ಜ್ವರಕ್ಕೂ ನಿದ್ದೆಗೂ ವ್ಯತ್ಯಾಸ ಗೊತ್ತಿಲ್ಲದವಳು ನಾನು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇದು ನಿನ್ನ ಮಾತಲ್ಲ," ಎಂದ.

ನಾನು ತಲೆ ತಗ್ಗಿಸಿದೆ. ಅಪ್ಪ ಕಂಪ್ಯೂಟರಿನ ಕಡೆ ನೋಡಿದ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ನನ್ನ ಹೆಡ್‌ಫೋನ್ ನೋಡಿದ. ಕುಡುಗೋಲು ಹಿಡಿದು ತೋಟಕ್ಕೆ ಹೋಗಿ ಇನ್ನೊಂದು ಹೊರೆ ಸೊಪ್ಪು ಕೊಯ್ದು ತಂದ.

ಮಾರನೆಯ ದಿನ ನಾಲ್ಕು ಗಂಟೆಗೆ ನಾನು ಹೋಗುವುದರೊಳಗೆ ಅಪ್ಪ ಅಲ್ಲಿದ್ದ. ಸೊಪ್ಪು ಹಾಕಿಯಾಗಿತ್ತು. ನನಗೆ ಬೆನ್ನು ತಿರುಗಿಸಿಕೊಂಡು, ಇದ್ದ ಸೊಪ್ಪನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದ. ಆಟ ಶುರುವಾಗಿ ಕಾಲು ಗಂಟೆಯಾಗಿರಬೇಕು. ತಿರುಗದೆಯೇ, "ಕೇಳು ಅವಳನ್ನ, ಇವತ್ತು ಸಾಕಾ ಅಂತ," ಎಂದ.

ಹೆಡ್‌ಫೋನಿನ ವೈರಿಗೆ ಎರಡು ಪಿನ್ನುಗಳಿದ್ದವು, ಕೇಳುವುದಕ್ಕೆ ಹಸಿರು, ಮಾತಿಗೆ ಗುಲಾಬಿ. ನಾನು ಹಸಿರನ್ನು ಮಾತ್ರ ಕಿತ್ತೆ. ಡಬ್ಬದಂಥ ಸ್ಪೀಕರಿನಿಂದ ಅಕ್ಕನ ಸ್ವರ ಹುಳುಮನೆಯ ತುಂಬ ಕೇಳಿಸಿತು.

"ಯಾರೇ ಅದು ಮಾತಾಡಿದ್ದು? ಅಪ್ಪಾನಾ?"

ಅಪ್ಪ ಸೊಪ್ಪು ಸರಿಮಾಡುತ್ತಲೇ ಇದ್ದ. ನಾನು, "ಇವತ್ತು ಸಾಕಾ ಅಂತ ಕೇಳ್ತಿದಾನೆ," ಎಂದೆ.

"ನಿನ್ನ ಪಕ್ಕದ ಹಾಸಿಗೆಗೆ ಇನ್ನೊಂಚೂರು ಹಾಕ್ಬೇಕು ಅಂತ ಹೇಳು," ಎಂದಿತು ಸ್ಪೀಕರು. ಅಪ್ಪ ನನ್ನ ಪಕ್ಕಕ್ಕೆ ಬಂದು ಒಂದು ಕಂತೆ ಹರಡಿದ.

ಹೀಗೆ ನಾಲ್ಕು ದಿನ ನಡೆಯಿತು. ಅವರಿಬ್ಬರೂ ಒಂದೇ ಕೋಣೆಯಲ್ಲಿದ್ದಂತೆ ಮಾತಾಡುತ್ತಿದ್ದರು, ಆದರೆ ಎಲ್ಲವೂ ನನ್ನ ಮೂಲಕ. ಗಾಳಿ ಆಡ್ತಿದೆಯಾ ಅಂತ ಕೇಳು. ಆಡ್ತಿದೆ ಅಂತ ಹೇಳು. ಗೋಣಿಗೆ ನೀರು ಹಾಕಿದಾರಾ ಕೇಳು. ನಂಗೊತ್ತಿಲ್ವಾ ಅಂತ ಹೇಳು. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ನಾನು ಗಿಳಿಯ ಹಾಗೆ ಎರಡೆರಡು ಸಲ ಒಪ್ಪಿಸಬೇಕಿತ್ತು. ನಡುವೆ ದ್ವೀಪದಲ್ಲಿ ನಮ್ಮಿಬ್ಬರನ್ನೂ ಬಂದವರೆಲ್ಲ ಹೊಡೆದು ಹೋಗುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಸಂತೋಷವಾಗಿ ನಾನು ಯಾವ ಆಟವನ್ನೂ ಸೋತಿಲ್ಲ.

ಐದನೆಯ ದಿನ ಬೆಳಿಗ್ಗೆ ಹುಳು ಹಣ್ಣಾದವು. ಮೈ ಹಳದಿಗೆ ತಿರುಗಿ, ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ದಾರಿ ಹುಡುಕತೊಡಗಿದವು. ನಾನು, ಅಪ್ಪ, ಅಮ್ಮ ಮೂವರೂ ಸೇರಿ ಆರಿಸಿ ಆರಿಸಿ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟೆವು. ಅವು ಅಲ್ಲಿಯೇ ಗೂಡು ಕಟ್ಟುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಹಾಸಿಗೆಗಳೆಲ್ಲ ಖಾಲಿ. ಸೊಂಟ ಬಿದ್ದುಹೋಗಿದ್ದರೂ ಹೋಗಿ ಕಂಪ್ಯೂಟರ್ ಹಾಕಿದೆ.

"ಶಶಿ, ನೆಟ್ ಹೋಯ್ತಾ? ಏನೂ ಕೇಳ್ತಿಲ್ಲ," ಎಂದಳು ಅಕ್ಕ.

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಬಂದು ನನ್ನ ಕುತ್ತಿಗೆಯಿಂದ ಹೆಡ್‌ಫೋನ್ ತೆಗೆದುಕೊಂಡ. ಮೈಕನ್ನು ಬೀಡಿ ಹಚ್ಚುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದ.

"ನೆಟ್ ಇದೆ ಕಣಮ್ಮ. ಹುಳು ಹಣ್ಣಾದ್ವು. ಚಂದ್ರಿಕೆಗೆ ಬಿಟ್ಟಾಯ್ತು."

ಪರದೆಯ ಮೇಲೆ ಅಕ್ಕನ ಗೊಂಬೆ ಬಯಲಿನಲ್ಲಿ ಸುಮ್ಮನೆ ನಿಂತಿತ್ತು. ಬೆಟ್ಟದ ಕಡೆಯಿಂದ ಯಾರೋ ಗುಂಡು ಹಾರಿಸಿದರು. ತಪ್ಪಿಸಿಕೊಳ್ಳದೆ ಬಿದ್ದಳು.

"ಗೂಡು ಬಿಡಿಸೋಕೆ ಜನ ಸಾಲಲ್ಲ," ಎಂದ ಅಪ್ಪ. ಮೈಕನ್ನು ಇನ್ನಷ್ಟು ಹತ್ತಿರ ಹಿಡಿದು, "ಬರ್ತೀಯಾ?" ಎಂದ.

"ಮನೇಲಿ ಹುಳು ಇದೆಯಲ್ಲಪ್ಪ," ಎಂದಳು ಅಕ್ಕ. "ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಕೊಂಡು ಬರ್ತೀನಿ. ಚೀಲ ಗೀಲ ಏನೂ ತರಲ್ಲ. ಬರೀ ಕೈಲಿ ಬರ್ತೀನಿ."

ಅಪ್ಪ ಕಣ್ಣು ಮುಚ್ಚಿಕೊಂಡ. "ಹೇಗಿದ್ದೀಯೋ ಹಾಗೇ ಬಾ," ಎಂದ. ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಚಂದ್ರಿಕೆಗಳನ್ನು ನೋಡುತ್ತಾ ನಿಂತ.

ನಾನು ಪರದೆಗೆ ತಿರುಗಿದೆ. ಕಂಪ್ಯೂಟರ್ ಅವತ್ತು ಎಲ್ಲಿಯೂ ತಡವರಿಸಲಿಲ್ಲ. ಓಡಿಹೋಗಿ ಅಕ್ಕನನ್ನು ಎತ್ತಿದೆ. ಎದ್ದವಳು ನಿಂತಲ್ಲೇ ನಿಂತಿದ್ದಳು, ಆ ಕಡೆ ಕುರ್ಚಿ ಖಾಲಿಯಾಗಿರಬೇಕು. ದೂರದಲ್ಲಿ, ಮನೆಯ ಇನ್ಯಾವುದೋ ಮೂಲೆಯಿಂದ, ಸುಗಟೂರಿಗೆ ಈಗ ಯಾವ ಬಸ್ಸಿದೆ ಎಂದು ಅಕ್ಕ ಬಾವನನ್ನು ತೆಲುಗಿನಲ್ಲಿ ಕೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.